ನಂಬರು ಒಂದು, ಚಕ್ಕುಬಂದಿ ನಾಲ್ಕು

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕನ್ನು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಹೊಸ್ತಿಲೆಂದು ಕರೆಯಬಹುದು. ಪಶ್ಚಿಮಕ್ಕೆ ಕಾಫಿ, ಮೆಣಸಿನ ತೋಟಗಳು. ಪೂರ್ವಕ್ಕೆ ಹಳೇಬೀಡಿನ ಕಡೆಯ ಬಯಲು ಹೊಲಗಳು. ಈ ತಾಲ್ಲೂಕಿನ ಗೆಂಡೆಹಳ್ಳಿಯಂಥ ಊರಿನ ಹಳೆಯ ಮನೆಗಳಲ್ಲಿ ಒಂದು ಮರದ ಪೆಟ್ಟಿಗೆ ಇರುವುದುಂಟು. ಅದರೊಳಗೆ ಚಿನ್ನವಿರುವುದಿಲ್ಲ, ಚಿನ್ನಕ್ಕಿಂತ ಜೋಪಾನವಾಗಿ ಕಾಪಾಡಿದ ಕಾಗದಗಳಿರುತ್ತವೆ. ಕ್ರಯಪತ್ರ, ವಿಭಾಗಪತ್ರ, ಕಂದಾಯದ ರಸೀತಿ, ಕೈಬರಹದ ಪಹಣಿ, ಹೀಗೆ ಮೂರು ತಲೆಮಾರಿನ ಬೆವರು ಆ ಕಾಗದಗಳ ಮಡಿಕೆಗಳಲ್ಲಿ ಅಡಗಿರುತ್ತದೆ. ಮಕ್ಕಳು ಮೊಮ್ಮಕ್ಕಳು ಬೆಂಗಳೂರು, ಮೈಸೂರು ಸೇರಿದ ಮೇಲೆ ಆ ಪೆಟ್ಟಿಗೆಯನ್ನು ತೆರೆಯುವವರು ವಿರಳ.

ಅಂಥದೊಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗಳು ದೀಪಾವಳಿಯ ರಜೆಗೆ ಊರಿಗೆ ಬಂದಿದ್ದಾಳೆ. ತಾತನಿಗೆ ಎಂಬತ್ತು ದಾಟಿದೆ. ಇರುವ ಜಮೀನಿನ ಲೆಕ್ಕವನ್ನು ಒಂದೆಡೆ ಬರೆದಿಡಬೇಕೆಂದು ಅವರ ಆಸೆ. ಮೊಮ್ಮಗಳು ಉತ್ಸಾಹದಿಂದ ಗಣಕಯಂತ್ರವನ್ನು ತೆರೆದು ಎಕ್ಸೆಲ್ ಹಾಳೆಯೊಂದರಲ್ಲಿ ಪೆಟ್ಟಿಗೆಯ ಕಾಗದಗಳಲ್ಲಿರುವ ಸರ್ವೆ ನಂಬರುಗಳನ್ನು ಪಟ್ಟಿಮಾಡುತ್ತಾಳೆ: 12, 29, 46, 47, 88. ಇನ್ನೊಂದು ಹಾಳೆಯಲ್ಲಿ, ಈಗ ತಾತನ ಹೆಸರಿನಲ್ಲಿರುವ ಪಹಣಿಗಳನ್ನು ಒಂದೊಂದಾಗಿ ತೆಗೆದು ಅವುಗಳ ನಂಬರು, ಖಾತೆದಾರರ ಹೆಸರು, ವಿಸ್ತೀರ್ಣಗಳನ್ನು ತುಂಬುತ್ತಾಳೆ. ಬಳಿಕ ಒಂದು ಸೂತ್ರವನ್ನು ಬರೆದು ಕೆಳಗಿನವರೆಗೆ ಎಳೆಯುತ್ತಾಳೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರತಿ ನಂಬರಿನ ಎದುರಿಗೂ ಎಕರೆ ಗುಂಟೆಗಳು ಬಂದು ಕೂಡುತ್ತವೆ. ಒಂದು ಮನೆಯೂ ಖಾಲಿ ಇಲ್ಲ.

ತಾತ ಕನ್ನಡಕ ಏರಿಸಿಕೊಂಡು ಸಾಲುಸಾಲಾಗಿ ಓದಿಸಿ ಕೇಳುತ್ತಾರೆ. ನಲವತ್ತೇಳರ ಬಳಿ ಕೈಯೆತ್ತಿ ತಡೆಯುತ್ತಾರೆ.

"ಕೆರೆ ಹಿಂದಲ ಹೊಲ ಎರಡೂವರೆ ಎಕರೆ ಯಾವಾಗ ಆಯ್ತು ಮಗಾ? ಅದು ಒಂದು ಎಕರೆ ಮೂವತ್ತು ಗುಂಟೆ. ನಾನೇ ಉತ್ತಿದ್ದೀನಿ."

"ಕಂಪ್ಯೂಟರ್ ಹಾಗೇ ತೋರಿಸ್ತಿದೆ ತಾತ."

"ಅದು ಯಾವ ಕಾಗದ ನೋಡಿ ಹೇಳ್ತು ಅಂತ ಕೇಳು."

ಪ್ರಸಂಗ ಕಲ್ಪಿತವಾದುದು, ತಾತನ ಪ್ರಶ್ನೆ ಮಾತ್ರ ಇಂದು ಪ್ರತಿಯೊಂದು ಕಚೇರಿಯಲ್ಲಿಯೂ, ಲೆಕ್ಕವಿಡುವ ಪ್ರತಿಯೊಂದು ಮನೆಯಲ್ಲಿಯೂ ಕೇಳಬೇಕಾದುದು.

ಹುಡುಕಿ ತರುವ ಸೂತ್ರ

ಮೊಮ್ಮಗಳು ಬರೆದ ಸೂತ್ರಕ್ಕೆ ವಿ-ಲುಕಪ್ ಎಂದು ಹೆಸರು. ಒಂದು ಪಟ್ಟಿಯಲ್ಲಿರುವ ಗುರುತನ್ನು ಇನ್ನೊಂದು ಪಟ್ಟಿಯಲ್ಲಿ ಹುಡುಕಿ, ಅದರ ಎದುರಿಗಿರುವ ವಿವರವನ್ನು ಹೊತ್ತು ತರುವುದು ಅದರ ಕೆಲಸ. ಅದಕ್ಕೆ ನಾಲ್ಕು ಮಾತುಗಳನ್ನು ಹೇಳಬೇಕು. ಏನನ್ನು ಹುಡುಕಬೇಕು, ಯಾವ ಪಟ್ಟಿಯಲ್ಲಿ ಹುಡುಕಬೇಕು, ಎಷ್ಟನೆಯ ಅಂಕಣದಿಂದ ವಿವರ ತರಬೇಕು ಎಂಬುವು ಮೊದಲ ಮೂರು. ನಾಲ್ಕನೆಯದು, ಗುರುತು ತದ್ವತ್ತಾಗಿ ಇದ್ದರೆ ಮಾತ್ರ ತರಬೇಕೋ ಹತ್ತಿರದ್ದಾದರೂ ಸಾಕೋ ಎಂಬುದು.

ಈ ನಾಲ್ಕನೆಯ ಮಾತನ್ನು ಹೇಳದೆ ಬಿಟ್ಟರೂ ಸೂತ್ರ ಕೆಲಸಮಾಡುತ್ತದೆ. ಅಪಾಯವಿರುವುದು ಅಲ್ಲಿಯೇ. ಹೇಳದೆ ಬಿಟ್ಟಾಗ ಅದು "ಹತ್ತಿರದ್ದಾದರೂ ಸಾಕು" ಎಂದೇ ತಿಳಿಯುತ್ತದೆ. ತಾತನ ಹೆಸರಿನ ಪಹಣಿಗಳಲ್ಲಿ 47 ಎಂಬ ನಂಬರೇ ಇರಲಿಲ್ಲ. ಆಗ ಸೂತ್ರವು 47ಕ್ಕಿಂತ ಕಡಿಮೆಯಾದವುಗಳಲ್ಲಿ ದೊಡ್ಡದು ಯಾವುದೆಂದು ನೋಡಿ, 46ರ ವಿಸ್ತೀರ್ಣವಾದ 2 ಎಕರೆ 20 ಗುಂಟೆಯನ್ನು ತಂದು 47ರ ಎದುರಿಗೆ ಇಟ್ಟಿತು. ಪಕ್ಕದ ಹೊಲವನ್ನು ಈ ಹೊಲವೆಂದು ಹೇಳಿತು, ಹೇಳುವಾಗ ತಡವರಿಸಲಿಲ್ಲ.

ಇಂಥ ವಿಚಿತ್ರ ನಡತೆ ಏಕೆ ಬಂದಿತೆಂಬುದಕ್ಕೆ ಸ್ವಲ್ಪ ಹಿಂದಿನ ಕಥೆಯುಂಟು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ಅಮೆರಿಕದಲ್ಲಿ ರೂಪಿಸಿದ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆ 1979ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿಯೇ ಲುಕಪ್ ಎಂಬ ಸೂತ್ರವಿತ್ತು. ಕೊಟ್ಟ ಸಂಖ್ಯೆಯನ್ನು ಮೀರದ ಕೊನೆಯ ಸಂಖ್ಯೆಯನ್ನು ಅದು ಹಿಡಿಯುತ್ತಿತ್ತು. 1983ರ ಲೋಟಸ್ 1-2-3 ಆ ಪದ್ಧತಿಯನ್ನು ಮುಂದುವರಿಸಿತು. 1985ರಲ್ಲಿ ಬಂದ ಎಕ್ಸೆಲ್ಲೂ ಅದೇ ಜಾಡಿನಲ್ಲಿ ನಡೆಯಿತು. ತದ್ವತ್ ಹುಡುಕುವುದೇ ಮೂಲ ನಡತೆಯಾಗಿರುವ ಎಕ್ಸ್-ಲುಕಪ್ ಎಂಬ ಹೊಸ ಸೂತ್ರವನ್ನು ಮೈಕ್ರೋಸಾಫ್ಟ್ ಪ್ರಕಟಿಸಿದ್ದು 2019ರ ಆಗಸ್ಟ್ ತಿಂಗಳಲ್ಲಿ. ನಡುವೆ ನಲವತ್ತು ವರ್ಷಗಳು ಕಳೆದುಹೋಗಿದ್ದವು.

ಹತ್ತಿರದ್ದನ್ನು ಹಿಡಿಯುವ ಈ ಗುಣ ಎಲ್ಲೆಡೆಯೂ ದೋಷವಲ್ಲ. ಪರೀಕ್ಷೆಯ ಅಂಕಗಳನ್ನು ನೋಡಿ. ಶೇಕಡ 35ಕ್ಕೆ ಉತ್ತೀರ್ಣ, 50ಕ್ಕೆ ದ್ವಿತೀಯ ದರ್ಜೆ, 60ಕ್ಕೆ ಪ್ರಥಮ ದರ್ಜೆ ಎಂದು ಪಟ್ಟಿಯಿದ್ದರೆ, 59 ಪಡೆದ ಹುಡುಗನ ದರ್ಜೆಯನ್ನು ಹುಡುಕುವಾಗ 50ರ ಸಾಲಿನಲ್ಲಿ ನಿಲ್ಲುವುದೇ ನ್ಯಾಯ. ಆದಾಯ ತೆರಿಗೆಯ ಹಂತಗಳಿಗೂ, ಡೇರಿಯಲ್ಲಿ ಹಾಲಿನ ಕೊಬ್ಬಿನಂಶಕ್ಕೆ ತಕ್ಕ ದರ ಕಟ್ಟುವ ಪಟ್ಟಿಗೂ ಈ ನಡತೆ ಹೇಳಿ ಮಾಡಿಸಿದಂತಿದೆ. ಅಂಕಗಳಿಗೆ ಹಂತವುಂಟು, ಹೊಲಕ್ಕೆ, ಮನುಷ್ಯನಿಗೆ, ಬ್ಯಾಂಕಿನ ಖಾತೆಗೆ ಹಂತವಿಲ್ಲ. ಅಲ್ಲಿ ಹತ್ತಿರದ್ದೆಂದರೆ ಬೇರೆಯದೆಂದೇ ಅರ್ಥ.

ನಿಘಂಟಿನ ನಡುಪುಟ

ಪಟ್ಟಿ ಕ್ರಮದಲ್ಲಿಲ್ಲದಿದ್ದರೆ ತೊಂದರೆ ಇಮ್ಮಡಿಯಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಪದವೊಂದನ್ನು ಹುಡುಕುವವರು ಮೊದಲ ಪುಟದಿಂದ ಓದುತ್ತ ಹೋಗುವುದಿಲ್ಲ. ನಡುಪುಟವನ್ನು ತೆರೆದು, ಬೇಕಾದ ಅಕ್ಷರ ಹಿಂದಿದೆಯೋ ಮುಂದಿದೆಯೋ ನೋಡಿ, ಅರ್ಧವನ್ನು ಬಿಟ್ಟು ಉಳಿದರ್ಧವನ್ನು ಮತ್ತೆ ನಡುವಿಗೆ ತೆರೆಯುತ್ತಾರೆ. ಯಂತ್ರವೂ ಹತ್ತಿರದ್ದನ್ನು ಹುಡುಕುವಾಗ ಹೀಗೆಯೇ ಮಾಡುತ್ತದೆ. ಈ ಉಪಾಯದಿಂದ 2 ಕೋಟಿ ಹೆಸರುಗಳ ಪಟ್ಟಿಯಲ್ಲಿಯೂ 25 ಸಲ ತೆರೆದರೆ ಸಾಕು. ಆದರೆ ನಿಘಂಟಿನ ಹಾಳೆಗಳು ಕಳಚಿ ಹಿಂದುಮುಂದಾಗಿದ್ದರೆ ಏನಾದೀತು? ಪದವು ಪುಸ್ತಕದಲ್ಲಿಯೇ ಇದ್ದರೂ ಹುಡುಕುವವನು ತಪ್ಪು ದಿಕ್ಕಿಗೆ ಹೊರಳಿ, ಇಲ್ಲವೆಂದಾನು; ಇಲ್ಲವೆ ಬೇರೊಂದು ಪದದ ಅರ್ಥವನ್ನು ಓದಿಯಾನು.

ಸರ್ವೆ ನಂಬರುಗಳಲ್ಲಿ ಈ ಕ್ರಮವೇ ಒಂದು ಮೋಸ. 112/1, 112/2, 112/10 ಎಂಬುದು ಮನುಷ್ಯನ ಕಣ್ಣಿಗೆ ನೇರವಾದ ಕ್ರಮ. ಯಂತ್ರ ಅವುಗಳನ್ನು ಅಂಕಿಗಳೆಂದು ಓದುವುದಿಲ್ಲ, ಅಕ್ಷರಗಳೆಂದು ಓದುತ್ತದೆ. ಅದರ ಪಾಲಿಗೆ 112/1 ಆದ ಮೇಲೆ 112/10, ಆನಂತರ 112/2. ಕ್ರಮವಾಗಿದೆಯೆಂದು ನಂಬಿದ ಪಟ್ಟಿ ಯಂತ್ರದ ದೃಷ್ಟಿಯಲ್ಲಿ ಕ್ರಮವೇ ಅಲ್ಲ.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ತದ್ವತ್ ಹುಡುಕಬೇಕೆಂದು ಆಜ್ಞೆಮಾಡಿದ ಮಾತ್ರಕ್ಕೆ ಕಷ್ಟವೆಲ್ಲ ತೀರಿತೆಂದಲ್ಲ. ಸರ್ವೆ ನಂಬರು 5, ಹಿಸ್ಸೆ 2 ಎಂಬುದನ್ನು 5/2 ಎಂದು ಹಾಳೆಯಲ್ಲಿ ಬರೆದೊಡನೆ ಎಕ್ಸೆಲ್ ಅದನ್ನು ಫೆಬ್ರವರಿ 5ನೆಯ ತಾರೀಖಾಗಿ ಮಾಡಿಬಿಡುತ್ತದೆ. ಹೊಲ ಹೋಗಿ ಪಂಚಾಂಗವಾಯಿತು! ಈ ಪೀಡೆ ಗೆಂಡೆಹಳ್ಳಿಯ ರೈತನಿಗೆ ಮಾತ್ರವಲ್ಲ, ಲೋಕದ ವಿಜ್ಞಾನಿಗಳಿಗೂ ತಗುಲಿತ್ತು. ಮನುಷ್ಯನ ದೇಹದ ಗುಣಾಣುಗಳಲ್ಲಿ ಮಾರ್ಚ್1, ಸೆಪ್ಟ್1 ಎಂಬ ಸಂಕೇತನಾಮಗಳಿದ್ದವು. ಎಕ್ಸೆಲ್ ಅವುಗಳನ್ನು ತಾರೀಖುಗಳಾಗಿ ಬದಲಿಸುತ್ತಿತ್ತು. ಪ್ರಕಟವಾದ ಸಂಶೋಧನ ಪ್ರಬಂಧಗಳೊಳಗೂ ಆ ತಪ್ಪು ನುಸುಳಿತ್ತು. ಕಡೆಗೆ, ನಾಮಕರಣದ ಹೊಣೆ ಹೊತ್ತ ಅಂತರರಾಷ್ಟ್ರೀಯ ಸಮಿತಿ ತಾನೇ ಸೋತು, ಅಂಥ ಗುಣಾಣುಗಳ ಹೆಸರುಗಳನ್ನು ಬದಲಿಸಿದುದಾಗಿ 2020ರಲ್ಲಿ ಸಾರಿತು. ರೈತನು ತನ್ನ ಹೊಲದ ನಂಬರನ್ನು ಹಾಗೆ ಬದಲಿಸಲಾರ. ಅವನಿಗಿರುವ ದಾರಿ ಒಂದೇ: ಬರೆಯುವ ಮೊದಲೇ ಆ ಅಂಕಣವು ಅಂಕಿಯದಲ್ಲ, ಪಠ್ಯದ್ದು ಎಂದು ಎಕ್ಸೆಲ್‌ಗೆ ತಿಳಿಸಿಡುವುದು.

ಒಮ್ಮೆ ಪಠ್ಯವೆಂದು ಬರೆದ 46ನ್ನು ಅಂಕಿಯೆಂದು ಬರೆದ 46ರೊಡನೆ ಹೋಲಿಸಿದರೆ ಸೂತ್ರಕ್ಕೆ ಅವೆರಡೂ ಬೇರೆ. ಆದುದರಿಂದ ಎರಡೂ ಪಟ್ಟಿಗಳಲ್ಲಿ ಒಂದೇ ಬಗೆಯಿರಬೇಕು. ಹೆಸರಿನ ಕೊನೆಯಲ್ಲಿ ಉಳಿದ ಒಂದು ತೆರಪು ಕಣ್ಣಿಗೆ ಕಾಣುವುದಿಲ್ಲ. ಆದರೂ ಹೋಲಿಕೆಯನ್ನು ಕೆಡಿಸುತ್ತದೆ. ಟ್ರಿಮ್ ಎಂಬ ಸೂತ್ರ ಅಂಥ ತೆರಪುಗಳನ್ನು ಗುಡಿಸಿಹಾಕುತ್ತದೆ. ಅಂತರ್ಜಾಲದ ಪುಟದಿಂದ ಎತ್ತಿ ತಂದ ಪಟ್ಟಿಯಲ್ಲಿ ಮಾತ್ರ ಟ್ರಿಮ್ಮಿಗೂ ಬಗ್ಗದ ಇನ್ನೊಂದು ಬಗೆಯ ತೆರಪಿರುವುದುಂಟು. ಅದನ್ನು ಬೇರೆಯಾಗಿಯೇ ತೆಗೆಯಬೇಕು.

ಕನ್ನಡದ ಪಟ್ಟಿಗಳಿಗೆ ಇದರ ಮೇಲೆ ಮತ್ತೊಂದು ತೊಡಕು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿದ ಹೆಸರೂ, ಯೂನಿಕೋಡಿನಲ್ಲಿ ಬೆರಳಚ್ಚಿಸಿದ ಅದೇ ಹೆಸರೂ ಪರದೆಯ ಮೇಲೆ ಅವಳಿಗಳಂತೆ ಕಾಣಬಹುದು. ಒಳಗಿನ ಸಂಕೇತಗಳು ಮಾತ್ರ ಸಂಪೂರ್ಣವಾಗಿ ಬೇರೆ. ರಂಗೇಗೌಡ, ರಂಗೆಗೌಡ, ರಂಗೇ ಗೌಡ ಎಂಬ ಮೂರು ಬರವಣಿಗೆಗಳು ಊರಿನವರಿಗೆ ಒಬ್ಬನೇ ಮನುಷ್ಯ, ಸೂತ್ರಕ್ಕೆ ಮೂವರು. ಇದಕ್ಕೆ ವಿರುದ್ಧವಾಗಿ, ಒಂದೇ ಹೆಸರಿನ ಇಬ್ಬರು ಒಂದೇ ಊರಿನಲ್ಲಿದ್ದರೆ ಸೂತ್ರಕ್ಕೆ ಅವರು ಒಬ್ಬರೇ. ಪಟ್ಟಿಯಲ್ಲಿ ಮೊದಲು ಸಿಕ್ಕವನ ವಿವರವನ್ನು ಇಬ್ಬರ ಮುಂದೆಯೂ ಬರೆದು ಅದು ಕೈತೊಳೆದುಕೊಳ್ಳುತ್ತದೆ. ಪಹಣಿಯಲ್ಲಿ "ಬಿನ್" ಎಂದು ತಂದೆಯ ಹೆಸರನ್ನೂ "ಕೋಂ" ಎಂದು ಗಂಡನ ಹೆಸರನ್ನೂ ಸೇರಿಸುವ ಪದ್ಧತಿ ಈ ಗೊಂದಲವನ್ನು ತಪ್ಪಿಸಲೆಂದೇ ಬಂದಿದೆ. ಹುಡುಕುವ ಮೊದಲು ಕೌಂಟ್-ಇಫ್ ಎಂಬ ಸೂತ್ರದಿಂದ ಪ್ರತಿಯೊಂದು ಗುರುತೂ ಎಷ್ಟು ಸಲ ಬಂದಿದೆಯೆಂದು ಎಣಿಸಿ ನೋಡುವುದು ಜಾಣತನ. ಒಂದಕ್ಕಿಂತ ಹೆಚ್ಚು ಬಂದರೆ ಆ ಗುರುತು ಗುರುತೇ ಅಲ್ಲ.

ಬ್ಯಾಂಕಿನ ಖಾತೆಯ ಸಂಖ್ಯೆಗಳಲ್ಲಿ ಇನ್ನೂ ಎಚ್ಚರ ಬೇಕು. ಎಕ್ಸೆಲ್ ಒಂದು ಅಂಕಿಯಲ್ಲಿ 15 ಸ್ಥಾನಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ; 16ನೆಯದನ್ನು ಸೊನ್ನೆ ಮಾಡುತ್ತದೆ. ಕೊನೆಯ ಅಂಕಿಯಲ್ಲಿ ಮಾತ್ರ ಭೇದವಿದ್ದ 16 ಅಂಕಿಗಳ ಎರಡು ಖಾತೆಗಳು ಹೀಗೆ ಒಂದೇ ಆಗಿಬಿಡುತ್ತವೆ. ಇವನ್ನೂ ಪಠ್ಯವೆಂದೇ ಬರೆಯತಕ್ಕದ್ದು.

ನಕ್ಷತ್ರದ ಮಹಿಮೆ

ಕರ್ನಾಟಕದ ಪಹಣಿಗಳಿಗೇ ವಿಶೇಷವಾದ ತೊಡಕೊಂದುಂಟು. ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿದ ಸರ್ಕಾರದ "ಭೂಮಿ" ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಸೇರಿದವು. 2002ರ ಹೊತ್ತಿಗೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಈ ದಾಖಲೆಗಳಲ್ಲಿ ಸರ್ವೆ ನಂಬರಿನ ಮುಂದೆ ಉಪವಿಭಾಗದ ಗುರುತುಗಳು ಬರುತ್ತವೆ. ಉಪವಿಭಾಗವಿಲ್ಲದೆಡೆಯಲ್ಲಿ ಒಂದು ನಕ್ಷತ್ರದ ಚಿಹ್ನೆ ಇರುತ್ತದೆ. ಮೂರನ್ನೂ ಜೋಡಿಸಿ ಬರೆದರೆ 46/*/* ಎಂಬಂಥ ಗುರುತು ಸಿದ್ಧವಾಗುತ್ತದೆ.

ಆದರೆ ವಿ-ಲುಕಪ್ಪಿನ ಭಾಷೆಯಲ್ಲಿ ನಕ್ಷತ್ರಕ್ಕೆ ಬೇರೆಯ ಅರ್ಥ. ತದ್ವತ್ ಹುಡುಕುವಾಗಲೂ ಅದು "ಇಲ್ಲಿ ಏನಿದ್ದರೂ ಸರಿ" ಎಂಬ ಅಪ್ಪಣೆ. 46/*/* ಎಂದು ಹುಡುಕಿದರೆ 46/*/2 ಕೂಡ ಅದಕ್ಕೆ ಒಪ್ಪಿಗೆ; ಪಟ್ಟಿಯಲ್ಲಿ ಯಾವುದು ಮೊದಲಿದೆಯೋ ಅದೇ ಉತ್ತರ. ಭಾಗವಾಗದ ಹೊಲವನ್ನು ಕೇಳಿದವನಿಗೆ ದಾಯಾದಿಯ ತುಂಡು ದೊರೆತಂತಾಯಿತು. ಎರಡೂ ಪಟ್ಟಿಗಳಲ್ಲಿ ನಕ್ಷತ್ರದ ಬದಲು ಸೊನ್ನೆಯನ್ನು ಬರೆದುಕೊಂಡರೆ ಈ ಬಾಧೆ ಇಲ್ಲ. ಎಕ್ಸ್-ಲುಕಪ್ ಬಳಸುವವರಿಗೂ ಇಲ್ಲ. ಅದು ಕೇಳದ ಹೊರತು ನಕ್ಷತ್ರವನ್ನು ನಕ್ಷತ್ರವೆಂದೇ ಓದುತ್ತದೆ.

ಮೌನವಾದ ತಪ್ಪು

ಗುರುತು ಸಿಗದಿದ್ದಾಗ ತದ್ವತ್ ಹುಡುಕುವ ಸೂತ್ರವು "ಎನ್.ಎ." ಎಂದು ಬರೆಯುತ್ತದೆ. ಲಭ್ಯವಿಲ್ಲ ಎಂದರ್ಥ. ನೋಡುವವರಿಗೆ ಅದು ಹಾಳೆಯ ಮೇಲಿನ ಕಲೆಯಂತೆ ತೋರುತ್ತದೆ. ಮೇಲಧಿಕಾರಿಗಳಿಗೆ ತೋರಿಸುವ ಮುನ್ನ ಇಫ್-ಎರರ್ ಎಂಬ ಸೂತ್ರವನ್ನು ಹೊದಿಸಿ, ಅಲ್ಲೆಲ್ಲ ಸೊನ್ನೆ ಬರುವಂತೆ ಮಾಡುವವರು ಬಹಳ. ಆಗ ಹಾಳೆ ಅಂದವಾಗುತ್ತದೆ, ಮೊತ್ತವೂ ಕೂಡುತ್ತದೆ. ಆದರೆ "ಗೊತ್ತಿಲ್ಲ" ಎಂಬುದು "ಏನೂ ಇಲ್ಲ" ಎಂದಾಗುತ್ತದೆ. ಈ ಎರಡು ಮಾತುಗಳ ನಡುವಣ ಅಂತರ ಎಷ್ಟೆಂಬುದನ್ನು ಪರಿಹಾರದ ಹಣಕ್ಕಾಗಿ ಕಾಯುವ ರೈತನನ್ನು ಕೇಳಬೇಕು.

ಮೌನವಾದ ತಪ್ಪು ಎಷ್ಟು ಘೋರವಾಗಬಹುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಘಟನೆಯೊಂದು ಸಾಕ್ಷಿ. 2020ರಲ್ಲಿ ಕೋವಿಡ್ ಹರಡಿದ್ದಾಗ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ಬಗೆಯ ಎಕ್ಸೆಲ್ ಕಡತಗಳಲ್ಲಿ ತುಂಬಲಾಗುತ್ತಿತ್ತು. ಅಂಥ ಹಾಳೆಯಲ್ಲಿ 65,536 ಸಾಲುಗಳು ಮಾತ್ರ ಹಿಡಿಯುತ್ತವೆ. ಮೀರಿದವು ಸದ್ದಿಲ್ಲದೆ ಬಿಟ್ಟುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ವರೆಗೆ 15,841 ಸೋಂಕಿತರ ಹೆಸರುಗಳು ದಿನದ ಲೆಕ್ಕದಿಂದ ಹೊರಗುಳಿದವು. ಅವರ ಸಂಪರ್ಕದಲ್ಲಿದ್ದವರನ್ನು ಎಚ್ಚರಿಸುವುದು ಅಷ್ಟರಮಟ್ಟಿಗೆ ತಡವಾಯಿತು. ಅದು ಹುಡುಕುಸೂತ್ರದ ತಪ್ಪಲ್ಲ. ಆದರೆ ಪಾಠ ಅದೇ. ಕಳುಹಿಸಿದ ಸಾಲುಗಳೆಷ್ಟು, ಬಂದು ಸೇರಿದ ಸಾಲುಗಳೆಷ್ಟು ಎಂದು ಎಣಿಸಿ ನೋಡಿದ್ದರೆ ಅದು ಮೊದಲ ದಿನವೇ ಬಯಲಾಗುತ್ತಿತ್ತು.

ಶಾನುಭೋಗರ ಪಾಠ

ಹಿಂದಿನವರಿಗೆ ಈ ಸೂತ್ರಗಳು ತಿಳಿಯದು. ಆದರೆ ಗುರುತು ಮೋಸಮಾಡೀತೆಂಬ ಎಚ್ಚರ ಅವರಿಗಿತ್ತು. ವಂಶಪಾರಂಪರ್ಯದ ಶಾನುಭೋಗಿಕೆ 1963ರ ಫೆಬ್ರವರಿ 1ರಿಂದ ರದ್ದಾಯಿತು. ಅದಕ್ಕೆ ಮೊದಲು ಹಳ್ಳಿಯ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿತ್ತು. ಕ್ರಯಪತ್ರ ಬರೆಯುವಾಗ ಸರ್ವೆ ನಂಬರನ್ನು ಬರೆದಷ್ಟಕ್ಕೇ ಯಾರೂ ನಿಲ್ಲಿಸುತ್ತಿರಲಿಲ್ಲ. ಅದರ ಕೆಳಗೆ ಚಕ್ಕುಬಂದಿ ಬರುತ್ತಿತ್ತು: ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ಓಣಿ, ದಕ್ಷಿಣಕ್ಕೆ ಯಾವ ಕೆರೆಯ ಏರಿ. ನಂಬರು ಒಂದಾದರೆ ಸಾಕ್ಷಿಗಳು ನಾಲ್ಕು. ನಂಬರಿನಲ್ಲಿ ಒಂದಂಕಿ ತಪ್ಪಿದರೂ ನಾಲ್ಕು ಎಲ್ಲೆಗಳೂ ಏಕಕಾಲಕ್ಕೆ ತಪ್ಪಲಾರವು. ಇದು ನಿನ್ನೆಯ ಪದ್ಧತಿಯೂ ಅಲ್ಲ. ಇದೇ ಸೀಮೆಯಲ್ಲಿ ಹೊಯ್ಸಳರ ಕಾಲದ ದತ್ತಿಶಾಸನಗಳಲ್ಲಿಯೂ ಬಿಟ್ಟ ಭೂಮಿಯ ಎಲ್ಲೆಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ.

ಆ ಶಾಸನಗಳನ್ನು ಹುಡುಕುವವರಿಗೂ ಇಂಥದೇ ಎಚ್ಚರ ಬೇಕು. ರೈಸರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 5ನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿ, ಒಂದೊಂದಕ್ಕೂ ತಾಲ್ಲೂಕಿನ ಹೆಸರಿನೊಡನೆ ಕ್ರಮಸಂಖ್ಯೆ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು ತಾಲ್ಲೂಕಿಗೆ 9ನೆಯ ಸಂಪುಟ ಮೀಸಲಾಯಿತು, ಸಂಖ್ಯೆಗಳು ಹೊಸದಾದವು. ಸಂಪುಟವನ್ನು ಹೇಳದೆ "ಬೇಲೂರಿನ ಇಷ್ಟನೆಯ ಶಾಸನ" ಎಂದರೆ ಯಾವ ಕಲ್ಲೆಂಬುದು ಇತ್ಯರ್ಥವಾಗದು. ಗುರುತಿಗೆ ಅದರ ಪುಸ್ತಕವೂ ಜೊತೆಗಿರಬೇಕು.

ಈ ಪಾಠವನ್ನು ಎಕ್ಸೆಲ್ ಹಾಳೆಗೆ ತರುವುದು ಕಷ್ಟವಲ್ಲ. ಸರ್ವೆ ನಂಬರಿನಿಂದ ವಿಸ್ತೀರ್ಣವನ್ನು ಮಾತ್ರ ತರಿಸುವ ಬದಲು, ಅದೇ ಸಾಲಿನಿಂದ ನಂಬರನ್ನೂ ಖಾತೆದಾರರ ಹೆಸರನ್ನೂ ಮರಳಿ ತರಿಸಿ ಪಕ್ಕದಲ್ಲಿ ನಿಲ್ಲಿಸಬೇಕು. ಕೇಳಿದ್ದು 47, ಬಂದದ್ದು 46 ಎಂದಾದರೆ ಮೋಸ ತಾನಾಗಿ ಹೊರಬೀಳುತ್ತದೆ. ಸೂತ್ರವನ್ನು ಕೆಳಗೆ ಎಳೆಯುವಾಗ ಪಟ್ಟಿಯ ಎಲ್ಲೆಯೂ ಜೊತೆಗೆ ಜಾರದಂತೆ ಡಾಲರ್ ಚಿಹ್ನೆಯಿಂದ ಬಿಗಿಯಬೇಕು. "ಮೂರನೆಯ ಅಂಕಣ" ಎಂದು ಎಣಿಸಿ ಹೇಳಿದ್ದರೆ, ನಡುವೆ ಒಂದು ಹೊಸ ಅಂಕಣ ಸೇರಿದಾಗ ವಿಸ್ತೀರ್ಣದ ಬದಲು ಬೇರೇನೋ ಬರುವುದುಂಟು. ಇಂಡೆಕ್ಸ್ ಮತ್ತು ಮ್ಯಾಚ್ ಎಂಬ ಜೋಡಿಸೂತ್ರವೋ ಎಕ್ಸ್-ಲುಕಪ್ಪೋ ಆದರೆ ಅಂಕಣವನ್ನೇ ಬೆರಳಿಟ್ಟು ತೋರಿಸುವುದರಿಂದ ಆ ಭಯವಿಲ್ಲ. ಮ್ಯಾಚ್ ಬಳಸುವಾಗಲೂ ಕೊನೆಯ ಮಾತಾಗಿ ಸೊನ್ನೆಯನ್ನು ಬರೆದು, ತದ್ವತ್ ಹುಡುಕಬೇಕೆಂದು ತಿಳಿಸಬೇಕಾದುದು ಅವಶ್ಯ.

ಮತ್ತೆ ಆ ಪೆಟ್ಟಿಗೆಯ ಬಳಿಗೆ ಬರೋಣ. ತಾತನ ಮಾತು ಕೇಳಿ ಮೊಮ್ಮಗಳು ಸೂತ್ರದ ಕೊನೆಗೆ ಫಾಲ್ಸ್ ಎಂಬ ನಾಲ್ಕನೆಯ ಮಾತನ್ನು ಸೇರಿಸುತ್ತಾಳೆ. ನಾಲ್ಕು ನಂಬರುಗಳು ಇದ್ದಂತೆಯೇ ಉಳಿಯುತ್ತವೆ, 47ರ ಎದುರಿಗೆ ಮಾತ್ರ "ಎನ್.ಎ." ಮೂಡುತ್ತದೆ. ಅವಳು ಆ ನಂಬರಿನ ಪಹಣಿಯನ್ನು ಬೇರೆಯಾಗಿ ತೆಗೆದು ನೋಡುತ್ತಾಳೆ. 1 ಎಕರೆ 30 ಗುಂಟೆ. ಖಾತೆದಾರರ ಜಾಗದಲ್ಲಿ ಎಂದೋ ತೀರಿಕೊಂಡ ಮುತ್ತಾತನ ಹೆಸರು. ತಾತ ಆಯುಷ್ಯವೆಲ್ಲ ಉತ್ತ ಹೊಲಕ್ಕೆ ಪೌತಿ ಖಾತೆಯೇ ಆಗಿಲ್ಲ! ಬೆಳೆಹಾನಿಯ ಪರಿಹಾರವು "ಫ್ರೂಟ್ಸ್" ಎಂಬ ರೈತರ ನೋಂದಣಿ ತಂತ್ರಾಂಶದಲ್ಲಿ ಅವರವರ ಹೆಸರಿಗೆ ಜೋಡಿಸಿದ ಜಮೀನನ್ನು ನೋಡಿ ಬ್ಯಾಂಕಿಗೆ ಜಮೆಯಾಗುವ ಈ ಕಾಲದಲ್ಲಿ, ಆ ಹೊಲದ ಪಾಲಿನ ಹಣ ಬಾರದಿದ್ದುದೇಕೆಂಬುದು ಈಗ ತಿಳಿಯಿತು. ಹತ್ತಿರದ ಉತ್ತರವನ್ನು ನಂಬಿದ್ದರೆ ಇದು ಮುಂದಿನ ತಲೆಮಾರಿನ ವಿಭಾಗದ ದಿನದವರೆಗೂ ತಿಳಿಯುತ್ತಿರಲಿಲ್ಲ. ಅಂದು ತಿಳಿದಿದ್ದರೆ ಅದು ಲೆಕ್ಕದ ತಪ್ಪಾಗಿ ಉಳಿಯದೆ ಅಣ್ಣತಮ್ಮಂದಿರ ಜಗಳವಾಗುತ್ತಿತ್ತು.

"ಇಲ್ಲ ಅಂತ ಹೇಳಿದ್ದೇ ಒಳ್ಳೇದಾಯ್ತು ಬಿಡವ್ವ," ಎನ್ನುತ್ತಾರೆ ತಾತ. ಮುತ್ತಾತನ ಮರಣಪತ್ರವೂ ವಂಶವೃಕ್ಷವೂ ಎಲ್ಲಿವೆಯೆಂದು ಪೆಟ್ಟಿಗೆಯಲ್ಲಿ ಹುಡುಕಾಟ ಆರಂಭವಾಗುತ್ತದೆ. ಬೆಳಗಾದರೆ ನಾಡಕಚೇರಿಗೆ ಹೋಗಬೇಕು.